ಮುಂದಿನ ವಾರ ಬ್ಯಾಂಕಿನಿಂದ ಮನೆ ವ್ಯಾಲ್ಯುಯೇಷನ್‌ಗೆ ಬರುತ್ತಾರೆ, ಬಣ್ಣ ಹೊಡೆಸಬೇಕಾ?

ಪಾರಿಜಾತ_ಬನಶಂಕರಿ:
ಎಲ್ಲರಿಗೂ ನಮಸ್ಕಾರ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು 30×40 ಸೈಟು. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆಯವರು. ಮಾವನವರು 1987ರಲ್ಲಿ ಕಟ್ಟಿಸಿದ ಮನೆ. ಅವರು ಈಗಿಲ್ಲ, ಖಾತೆ ಅತ್ತೆಯವರ ಹೆಸರಿಗೆ ಆಗಿದೆ. ಮಗಳ ಓದಿಗೆ ಅಂತ ಮನೆ ಮೇಲೆ ಸಾಲಕ್ಕೆ ಅರ್ಜಿ ಹಾಕಿದ್ದೇವೆ. ಮುಂದಿನ ವಾರ ಮನೆಗೆ ಬೆಲೆ ಕಟ್ಟೋ ವ್ಯಾಲ್ಯುಯರ್ ಬರುತ್ತಾರಂತೆ.

ಈಗ ಮನೆಯಲ್ಲಿ ಇದೇ ಮಾತು. ಅತ್ತೆ ಪೂರ್ತಿ ಬಣ್ಣ ಹೊಡೆಸಲೇಬೇಕು ಅನ್ನುತ್ತಾರೆ. ಪೇಂಟರ್ ಒಂದೂವರೆ ಲಕ್ಷ ಹೇಳಿದ್ದಾನೆ. ನಮ್ಮ ಯಜಮಾನರು ಗುಡಿಸಿ ಒರೆಸಿದರೆ ಸಾಕು ಅನ್ನುತ್ತಾರೆ. ಟೆರೇಸ್ ಮೇಲೆ ಒಂದು ಶೀಟಿನ ರೂಮಿದೆ, ಪ್ಲಾನ್‌ನಲ್ಲಿ ಇಲ್ಲ. ಬಾತ್‌ರೂಮ್ ಹಿಂದಿನ ಗೋಡೆ ತೇವ ಹಿಡಿದು ಗಾರೆ ಉದುರುತ್ತಿದೆ. ಇವರು ಬಂದು ಏನೇನು ನೋಡುತ್ತಾರೆ? ಯಾವುದಕ್ಕೆ ದುಡ್ಡು ಹಾಕೋದು, ಯಾವುದಕ್ಕೆ ಬೇಡ? ಗೊತ್ತಿರೋರು ಹೇಳಿ ಪ್ಲೀಸ್.

ಸಕ್ಕರೆ_ಕಮ್ಮಿ_ಕಾಫಿ:
ಹೊಡೆಸಿಬಿಡಿ ಅಕ್ಕ. ಬ್ಯಾಂಕಿಗೆ ಬೇಡವಾದರೂ ಹಬ್ಬಕ್ಕೆ ಆಗುತ್ತೆ.

ಅಳತೆ_ಟೇಪು:
ಮೇಡಂ, ನಾನು ಸಿವಿಲ್ ಎಂಜಿನಿಯರ್. ಬ್ಯಾಂಕ್ ಪ್ಯಾನಲ್‌ನಲ್ಲಿ ಇದ್ದುಕೊಂಡು ಇದೇ ಕೆಲಸ ಮಾಡಿದವನು. ಆ ಒಂದೂವರೆ ಲಕ್ಷ ಬೀರುವಿನಲ್ಲೇ ಇರಲಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸ್ವಂತ ಸೈಟಿನ ಮನೆ ಆದರೆ ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಹಾಕಿ ಆಮೇಲೆ ಕೂಡುತ್ತೇವೆ. ಜಾಗಕ್ಕೆ ಆ ರಸ್ತೆಯಲ್ಲಿ, ಅಕ್ಕಪಕ್ಕದಲ್ಲಿ ಇತ್ತೀಚೆಗೆ ಆದ ವ್ಯಾಪಾರವೇ ಆಧಾರ. ಕಟ್ಟಡಕ್ಕೆ ಇವತ್ತು ಅಂಥದ್ದೇ ಕಟ್ಟಿಸಿದರೆ ಎಷ್ಟಾಗುತ್ತೋ ಅದರಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತೇವೆ. ಆರ್‌ಸಿಸಿ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿದು, ಕೊನೆಗೆ 10 ಪರ್ಸೆಂಟ್ ಉಳಿಕೆ ಬಿಡೋದು ರೂಢಿ.

ಚದರಡಿಗೆ 12,000 ಅಂತ ಇಟ್ಟುಕೊಳ್ಳಿ. ಬನಶಂಕರಿ ರೇಟು ಅದಲ್ಲ ಅಂತ ಯಾರೂ ಜಗಳಕ್ಕೆ ಬರಬೇಡಿ, ಇದು ಬರೀ ಲೆಕ್ಕಕ್ಕೆ. 1,200 ಚದರಡಿಗೆ 1 ಕೋಟಿ 44 ಲಕ್ಷ. ಎರಡೂ ಅಂತಸ್ತು ಸೇರಿ ಕಟ್ಟಡ 1,600 ಚದರಡಿ, ಚದರಡಿಗೆ 2,000ದಂತೆ 32 ಲಕ್ಷ. ಮನೆಗೆ 38 ವರ್ಷ ಅಂದರೆ ಸವಕಳಿ 57 ಪರ್ಸೆಂಟ್. ಉಳಿಯೋದು 13 ಲಕ್ಷ 76 ಸಾವಿರ. ಒಟ್ಟು 1 ಕೋಟಿ 57 ಲಕ್ಷ ಚಿಲ್ಲರೆ. ಇದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಣ್ಣಿನ ಬೆಲೆ. ಗೋಡೆ ಬಣ್ಣ ಎಲ್ಲಿ ಸೇರಿಸಲಿ ಹೇಳಿ?

ಸಹಕಾರನಗರ_ನಿವಾಸಿ:
ಸಾರ್, ಲೆಕ್ಕ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲ್ಲ. ರಿಪೋರ್ಟ್‌ನಲ್ಲಿ ನಿರ್ವಹಣೆ ಹೇಗಿದೆ ಅಂತ ಒಂದು ಕಾಲಂ ಇರುತ್ತಲ್ವಾ? ನಮ್ಮ ಮನೆಗೆ ಬಂದವರು ಅದಕ್ಕೆ 'ಸಾಧಾರಣ' ಅಂತ ಬರೆದರು. ಬಣ್ಣ ಹೊಡೆಸಿದ್ದರೆ 'ಚೆನ್ನಾಗಿದೆ' ಅಂತ ಬರೆಯುತ್ತಿದ್ದರು. ಮನುಷ್ಯರು ತಾನೇ, ಕಣ್ಣಿಗೆ ಕಂಡದ್ದು ಮನಸ್ಸಿಗೆ ಹತ್ತುತ್ತೆ.

ಅಳತೆ_ಟೇಪು:
ಕಾಲಂ ಇದೆ, ನಿಜ. ಆದರೆ ನಾವು ಅದನ್ನು ತುಂಬೋದು ಗೋಡೆ ನೋಡಿ ಅಲ್ಲ, ತಲೆ ಎತ್ತಿ ತಾರಸಿ ನೋಡಿ. ಸಜ್ಜಾದ ಅಡಿಯಲ್ಲಿ ಕಾಂಕ್ರೀಟ್ ಕಳಚಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯಾ, ತಾರಸಿ ಕೆಳಗೆ ಕಂದು ಬಣ್ಣದ ಗೆರೆ ಇಳಿದಿದೆಯಾ, ಬೀಮ್ ಪಕ್ಕದಲ್ಲಿ ಓರೆಯಾಗಿ ಬಿರುಕು ಬಿಟ್ಟಿದೆಯಾ, ಇವು ಮುಖ್ಯ. ಇನ್ನೆಷ್ಟು ವರ್ಷ ನಿಲ್ಲುತ್ತೆ ಅಂತ ನಾವೇ ಬರೆದು ಸಹಿ ಹಾಕಬೇಕಲ್ಲ. ಸಾಲದ ಅವಧಿ ಮುಗಿಯೋ ತನಕ ಕಟ್ಟಡ ಗಟ್ಟಿಯಾಗಿರುತ್ತಾ ಅನ್ನೋದು ಬ್ಯಾಂಕಿನ ಚಿಂತೆ.

ಪಾರಿಜಾತ ಅವರೇ, ತೇವದ ಗೋಡೆ ಮಾತ್ರ ರಿಪೇರಿ ಮಾಡಿಸಿ. ಮೊದಲು ಪ್ಲಂಬರ್‌ನ ಕರೆಸಿ, ನೀರು ಎಲ್ಲಿಂದ ಜಿನುಗುತ್ತಿದೆ ಅಂತ ಕಂಡುಹಿಡಿಯಿರಿ. ಪೈಪ್ ಸರಿಮಾಡದೆ ಮೇಲೆ ಬಣ್ಣ ಬಳಿಸಿದರೆ ಕೈ ಇಟ್ಟ ತಕ್ಷಣ ತಣ್ಣಗೆ ಗೊತ್ತಾಗುತ್ತೆ. ಮನೆಯೆಲ್ಲ ಹಳೇ ಬಣ್ಣ ಇದ್ದು ಒಂದೇ ಗೋಡೆ ಫಳಫಳ ಅಂದರೆ ನಾವು ಮೊದಲು ಅಲ್ಲಿಗೇ ಹೋಗುತ್ತೇವೆ.

ಸಕ್ಕರೆ_ಕಮ್ಮಿ_ಕಾಫಿ:
ನಮ್ಮ ಮನೆಯಲ್ಲಿ ಅಂಥ ಗೋಡೆ ಮುಂದೆ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಅಳತೆ_ಟೇಪು:
ಕ್ಯಾಲೆಂಡರ್ ಎತ್ತಿ ನೋಡಿದ್ದೂ ಇದೆ ಸಾರ್.

ವಿಜಯನಗರ_ಮೂಲೆ_ಮನೆ:
ಅಕ್ಕ, ಶೀಟಿನ ರೂಮಿಗೆ ಒಂದು ಬೀಗ ಜಡಿದುಬಿಡಿ. ಹಳೇ ಸಾಮಾನು ತುಂಬಿದ್ದೀವಿ, ಕೀ ಊರಲ್ಲಿದೆ ಅಂದರಾಯ್ತು. ಅವರು ಕೆಳಗಿನ ಮನೆ ನೋಡಿಕೊಂಡು ಹೋಗುತ್ತಾರೆ. ಯಾರೂ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲ್ಲ.

ಅಳತೆ_ಟೇಪು:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಟೆರೇಸ್ ಹತ್ತೇ ಹತ್ತುತ್ತೇವೆ. ಹತ್ತದಿದ್ದರೂ ಉಪಗ್ರಹದ ಚಿತ್ರದಲ್ಲಿ ಶೀಟು ಕಾಣುತ್ತೆ. ಬೀಗ ಹಾಕಿದ ರೂಮು ಅಂದರೆ 'ಒಳಗೆ ನೋಡಲು ಬಿಡಲಿಲ್ಲ' ಅಂತ ಬರೆಯುತ್ತೇವೆ. ಅದನ್ನು ಓದಿದ ಮ್ಯಾನೇಜರ್‌ಗೆ ಇಲ್ಲದ ಅನುಮಾನವೆಲ್ಲ ಶುರುವಾಗುತ್ತೆ.

ಮೇಡಂ, ಇದ್ದದ್ದು ಇದ್ದ ಹಾಗೆ ಹೇಳಿ. ಶೀಟಿನ ರೂಮಿಗೆ ಬೆಲೆ ಕಟ್ಟಲ್ಲ, ಅಷ್ಟೇ. ತಾತ್ಕಾಲಿಕ ರಚನೆ, ಲೆಕ್ಕಕ್ಕೆ ತಗೊಂಡಿಲ್ಲ ಅಂತ ಒಂದು ಸಾಲು ಬರುತ್ತೆ. ಅದಕ್ಕೇ ಅಂತ ಒಡೆಸೋಕೂ ಹೋಗಬೇಡಿ. ಸೆಟ್‌ಬ್ಯಾಕ್ ಜಾಗದಲ್ಲಿ ಗೋಡೆ ಎಬ್ಬಿಸಿದ್ದರೆ, ಪ್ಲಾನ್‌ಗಿಂತ ಒಂದು ಪೂರ್ತಿ ಅಂತಸ್ತು ಜಾಸ್ತಿ ಇದ್ದರೆ ವಿಷಯ ಬೇರೆ.

ವಿಜಯನಗರ_ಮೂಲೆ_ಮನೆ:
ಬೆಂಗಳೂರಲ್ಲಿ ಪ್ಲಾನ್ ಪ್ರಕಾರ ಕಟ್ಟಿದ ಮನೆ ತೋರಿಸಿ ಸಾರ್, ಹಾರ ಹಾಕುತ್ತೇನೆ. ಪ್ಲಾನ್ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪೋ ಅಕ್ರಮ ಸಕ್ರಮ ಆಗುತ್ತೆ ಆಗುತ್ತೆ ಅಂತ ನಮ್ಮಪ್ಪ ಕಾದದ್ದೇ ಬಂತು.

ಕರಿ_ಕೋಟು:
ಅದಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಅದನ್ನು ನಂಬಿಕೊಂಡು ಈಗ ಯಾರೂ ಕಟ್ಟಬೇಡಿ. 2024ರ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ, ಓಸಿ (ವಾಸಕ್ಕೆ ಯೋಗ್ಯ ಅಂತ ಕೊಡೋ ಪತ್ರ) ಪರಿಶೀಲಿಸಿದ ಮೇಲೆಯೇ ಕಟ್ಟಡದ ಮೇಲೆ ಸಾಲ ಕೊಡಿ ಅಂತ ಬ್ಯಾಂಕುಗಳಿಗೂ ಹೇಳಿದೆ. ಹಾಗಾಗಿ ಮೊದಲಿನ ಹಾಗೆ ಕಣ್ಣು ಮುಚ್ಚಿಕೊಂಡು ಕೂರಲ್ಲ.

ಪಾರಿಜಾತ ಅವರಿಗೆ ನನ್ನದೊಂದು ಪ್ರಶ್ನೆ. ಖಾತೆ ಅತ್ತೆಯವರ ಹೆಸರಿಗೆ ಆಗಿದೆ ಅಂದಿರಿ. ಮಾವನವರು ವಿಲ್ ಬರೆದಿದ್ದರಾ? ಅವರಿಗೆ ಮಕ್ಕಳು ಎಷ್ಟು ಜನ?

ಪಾರಿಜಾತ_ಬನಶಂಕರಿ:
ವಿಲ್ ಇಲ್ಲ ಸಾರ್. ನಮ್ಮ ಯಜಮಾನರು ಮತ್ತು ಮೈಸೂರಲ್ಲಿರೋ ನಾದಿನಿ. ಅವರಿಗೆ ಇದೆಲ್ಲ ಗೊತ್ತು, ಅವರದ್ದೇನೂ ತಕರಾರಿಲ್ಲ. ಖಾತೆ ಆಗಿದೆ ಅಂದಮೇಲೆ ಅತ್ತೆಯವರದ್ದೇ ಅಲ್ವಾ ಮನೆ?

ಕರಿ_ಕೋಟು:
ಅಲ್ಲ. ಖಾತೆ ಅನ್ನೋದು ತೆರಿಗೆ ಯಾರು ಕಟ್ಟಬೇಕು ಅನ್ನೋದರ ದಾಖಲೆ. ಅದರಿಂದ ಮಾಲೀಕತ್ವ ಬರಲ್ಲ. ಸೈಟು ಮಾವನವರ ಹೆಸರಲ್ಲಿತ್ತು, ವಿಲ್ ಇಲ್ಲ ಅಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಾವನವರು ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು.

ವ್ಯಾಲ್ಯುಯರ್ ಎಷ್ಟೇ ಬೆಲೆ ಬರೆದರೂ ಬ್ಯಾಂಕಿನ ವಕೀಲರು ಇಲ್ಲಿಗೆ ಬಂದು ನಿಲ್ಲಿಸುತ್ತಾರೆ. ನಾದಿನಿ ಸಾಲಕ್ಕೆ ಸಹಿ ಹಾಕಬೇಕು ಅನ್ನುತ್ತಾರೆ, ಇಲ್ಲ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ ಅನ್ನುತ್ತಾರೆ. ಫೋನಿನಲ್ಲಿ ತಕರಾರಿಲ್ಲ ಅಂದದ್ದು ಸಾಕಾಗಲ್ಲ. ಬಣ್ಣದ ವಿಚಾರ ಆಮೇಲೆ, ಮೊದಲು ಮೈಸೂರಿಗೆ ಹೋಗಿ ಕೂತು ಮಾತಾಡಿ.

ಅಳತೆ_ಟೇಪು:
ವಕೀಲರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ರಿಪೋರ್ಟ್ ಚೆನ್ನಾಗಿ ಬಂದು ಲೀಗಲ್‌ನಲ್ಲಿ ಬಿದ್ದುಹೋದ ಫೈಲುಗಳು ಬೇಕಾದಷ್ಟಿವೆ.

ಪಾರಿಜಾತ_ಬನಶಂಕರಿ:
ಅಯ್ಯೋ ದೇವರೇ. ನಾನು ಪೇಂಟರ್ ಬಗ್ಗೆ ಕೇಳೋಕೆ ಬಂದೆ.

ನಾಗರಭಾವಿ_ಅಂಕಲ್:
ನಾನೊಂದು ಹೇಳಲೇಬೇಕು. ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ನೋಡಿಟ್ಟುಕೊಳ್ಳಿ. ನಮ್ಮ ಕ್ರಯಪತ್ರದಲ್ಲಿ ಉತ್ತರಕ್ಕೆ ಸೈಟ್ ನಂಬರ್ ಇಷ್ಟು, ದಕ್ಷಿಣಕ್ಕೆ ರಸ್ತೆ ಅಂತೆಲ್ಲ ಇದೆ. ಬಂದ ಹುಡುಗ ಪತ್ರ ಕೈಯಲ್ಲಿ ಹಿಡಿದು ಒಂದೊಂದು ದಿಕ್ಕಿಗೂ ನಿಂತು ನೋಡಿದ. ಹಿಂದಿನ ಮನೆಯ ಗೇಟಿನಲ್ಲಿ ಸೈಟ್ ನಂಬರ್ ಇರಲಿಲ್ಲ. ಪಕ್ಕದ ಕ್ರಾಸಿಗೆ ಸುತ್ತಿಕೊಂಡು ಹೋಗಿ ಆ ಮನೆಯವರನ್ನೇ ಕೇಳಿಬಿಟ್ಟ.

ಸಂಜೆ ಹೊತ್ತಿಗೆ ಬೀದಿಯಲ್ಲೆಲ್ಲ ನಾವು ಮನೆ ಮಾರುತ್ತಿದ್ದೀವಿ ಅಂತ ಸುದ್ದಿ. ಹಾಲಿನ ಅಂಗಡಿಯವನು ಕೇಳಿದ, ಇಸ್ತ್ರಿ ಅಂಗಡಿಯವನು ಕೇಳಿದ. ಇಬ್ಬರು ಬ್ರೋಕರ್‌ಗಳು ಗಿರಾಕಿ ಕರೆದುಕೊಂಡೇ ಬಂದರು! ನಮ್ಮ ಬಾಡಿಗೆಯವರು ಅಡ್ವಾನ್ಸ್ ವಾಪಸ್ ಯಾವಾಗ ಕೊಡುತ್ತೀರಾ ಅಂತ ಗಾಬರಿ ಬಿದ್ದರು. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ ಅಮ್ಮ.

ಯಲಹಂಕ_ಫ್ಲ್ಯಾಟ್:
ಹ್ಹಹ್ಹ. ಬ್ರೋಕರ್ ಎಷ್ಟು ಹೇಳಿದ ಅಂಕಲ್? ಅದೇ ಅಲ್ವಾ ನಿಜವಾದ ವ್ಯಾಲ್ಯುಯೇಷನ್.

ನಾಗರಭಾವಿ_ಅಂಕಲ್:
ಬ್ಯಾಂಕಿನವರು ಬರೆದದ್ದಕ್ಕಿಂತ ಜಾಸ್ತಿನೇ ಹೇಳಿದ. ಅವನ ಮಾತು ಕೇಳಿ ಸಾಲ ಯಾರು ಕೊಡುತ್ತಾರೆ?

ಅಳತೆ_ಟೇಪು:
ಇದು ಎಲ್ಲರಿಗೂ ಗೊಂದಲ ಇರೋ ವಿಷಯ. ರಿಪೋರ್ಟ್‌ನಲ್ಲಿ ಬೆಲೆ ಒಂದೇ ಇರಲ್ಲ. ಮಾರುಕಟ್ಟೆ ಬೆಲೆ ಅಂತ ಒಂದು. ಮಾರಲು ಹೊರಟರೆ ಕೈಗೆ ಬರಬಹುದಾದ ಬೆಲೆ ಅಂತ ಇನ್ನೊಂದು, ಅದು ಸ್ವಲ್ಪ ಕಮ್ಮಿ. ಸಾಲ ತೀರಿಸದೆ ಹರಾಜಿಗೆ ಬಂದರೆ ಅವಸರದಲ್ಲಿ ಎಷ್ಟಕ್ಕೆ ಹೋಗಬಹುದು ಅಂತ ಮತ್ತೊಂದು, ಅದು ಇನ್ನೂ ಕಮ್ಮಿ. ಇದರ ಜೊತೆಗೆ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಅದನ್ನೂ ಬರೆಯುತ್ತೇವೆ. ಬ್ರೋಕರ್ ಹೇಳೋದು ಮಾಲೀಕನಿಗೆ ಖುಷಿಯಾಗೋ ಬೆಲೆ.

ಆರ್‌ಆರ್‌ನಗರ_ಗೃಹಸ್ಥ:
ಗೈಡೆನ್ಸ್ ವ್ಯಾಲ್ಯೂ ಅಂದಿರಲ್ಲ, 2023ರ ಅಕ್ಟೋಬರ್ 1ರಿಂದ ಏರಿಸಿದ ಮೇಲೆ ನಮ್ಮ ಕಡೆ ಕೆಲವು ರಸ್ತೆಗಳಲ್ಲಿ ಅದಕ್ಕೂ ಮಾರುಕಟ್ಟೆಗೂ ಜಾಸ್ತಿ ಅಂತರವೇ ಉಳಿದಿಲ್ಲ. ಅದರ ಮೇಲೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಮಾಡಿದ್ದಾರೆ. ಮನೆ ಕೊಳ್ಳೋರ ಕಥೆ ಏನಾಗಬೇಕು?

ಸಕ್ಕರೆ_ಕಮ್ಮಿ_ಕಾಫಿ:
ಕಥೆ ಏನಿಲ್ಲ, ಬಾಡಿಗೆ ಮನೆಯಲ್ಲಿ ಇರೋದು.

ಬಸವೇಶ್ವರನಗರ_ಭೋಗ್ಯ:
ಬಾಡಿಗೆ ಅಂದಕೂಡಲೇ ನೆನಪಾಯಿತು. ನಮ್ಮ ಮೊದಲನೇ ಮಹಡಿ ಭೋಗ್ಯಕ್ಕೆ ಕೊಟ್ಟಿದ್ದೇವೆ. ವ್ಯಾಲ್ಯುಯರ್ ಬಂದಾಗ ಅದನ್ನೂ ಹೇಳಬೇಕಾ? ಹೇಳಿದರೆ ಬೆಲೆ ಕಮ್ಮಿ ಆಗುತ್ತಾ?

ಕರಿ_ಕೋಟು:
ಹೇಳಬೇಕು. ಯಾರು ವಾಸ ಇದ್ದಾರೆ ಅಂತ ಅವರು ಕೇಳಿಯೇ ಕೇಳುತ್ತಾರೆ, ಬಾಗಿಲು ತೆಗೆಯೋರು ನಿಮ್ಮ ಭೋಗ್ಯದವರೇ ತಾನೇ. ಭೋಗ್ಯದ ದುಡ್ಡು ನೀವು ಹಿಂತಿರುಗಿಸಬೇಕಾದ ಸಾಲ ಇದ್ದ ಹಾಗೆ. ಬ್ಯಾಂಕ್ ಅದನ್ನು ನೋಡದೆ ಬಿಡಲ್ಲ. ಹತ್ತು ಹದಿನೈದು ಲಕ್ಷ ತಗೊಂಡು ಬಿಳಿ ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ಮೊದಲು ಆ ಕರಾರನ್ನೇ ಸರಿಮಾಡಿಸಿ.

ಅಳತೆ_ಟೇಪು:
ಬಾಡಿಗೆಯವರಿಗೆ ದಿನ, ಹೊತ್ತು ಮೊದಲೇ ತಿಳಿಸಿಡಿ. ನಾನು ಎಷ್ಟೋ ಮನೆಗೆ ಹೋಗಿ ಮೇಲಿನ ಮನೆಗೆ ಬೀಗ, ಓನರ್ ಹತ್ತಿರ ಕೀ ಇಲ್ಲ ಅಂತ ವಾಪಸ್ ಬಂದಿದ್ದೇನೆ. ಎರಡನೇ ಸಲ ಹೋಗೋ ತನಕ ಫೈಲು ಹಾಗೇ ಬಿದ್ದಿರುತ್ತೆ.

ನಿರ್ವಾಹಕ:
ಗಮನಿಸಿ: ಪರಿಚಯದ ವ್ಯಾಲ್ಯುಯರ್ ಹೆಸರು, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಎರಡು ಉತ್ತರ ತೆಗೆದಿದ್ದೇನೆ. 'ಸ್ವಲ್ಪ ಕೈಬಿಸಿ ಮಾಡಿದರೆ ಜಾಸ್ತಿ ಬರೆಯುತ್ತಾರೆ' ಅನ್ನೋ ಥರದ್ದನ್ನೂ ಬರೆಯಬೇಡಿ.

ಅಳತೆ_ಟೇಪು:
ನಿರ್ವಾಹಕರಿಗೆ ಧನ್ಯವಾದ. ಕಾಫಿ ಕೊಡಿ, ಕುಡಿಯುತ್ತೇವೆ. ಕವರ್ ಕೊಡಬೇಡಿ. ಸುಳ್ಳು ಬೆಲೆ ಬರೆದು ಸಾಲ ಕೆಟ್ಟರೆ ನಾಳೆ ಸಿಕ್ಕಿಬೀಳೋದು ನಾವು.

ಯಲಹಂಕ_ಫ್ಲ್ಯಾಟ್:
ಸಾರ್, ಅಪಾರ್ಟ್‌ಮೆಂಟ್ ಆದರೆ? ನಾನು ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್ ತಗೊಳ್ಳುತ್ತಿದ್ದೇನೆ. 80 ಲಕ್ಷಕ್ಕೆ ಮಾತಾಗಿದೆ. ಬ್ಯಾಂಕಿನವರು 72 ಲಕ್ಷ ಅಂತ ವ್ಯಾಲ್ಯೂ ಮಾಡಿದ್ದಾರೆ. ಓನರ್ ಒಂದು ರೂಪಾಯಿ ಇಳಿಸಲ್ಲ ಅನ್ನುತ್ತಾರೆ.

ಅಳತೆ_ಟೇಪು:
ಫ್ಲ್ಯಾಟ್‌ಗೆ ಜಾಗ ಬೇರೆ, ಕಟ್ಟಡ ಬೇರೆ ಅಂತ ಮಾಡೋದು ಕಮ್ಮಿ. ಅದೇ ಕಾಂಪ್ಲೆಕ್ಸ್‌ನಲ್ಲಿ, ಪಕ್ಕದ ಕಾಂಪ್ಲೆಕ್ಸ್‌ನಲ್ಲಿ ಎಷ್ಟಕ್ಕೆ ಹೋಗಿದೆ ಅಂತ ನೋಡುತ್ತೇವೆ. ನೀವು ರಿಪೋರ್ಟಿನ ಪ್ರತಿ ಕೇಳಿ, ಅಳತೆ ನೋಡಿ. ಸೂಪರ್ ಬಿಲ್ಟ್ ಅಪ್ (ಮೆಟ್ಟಿಲು, ಲಿಫ್ಟ್ ಪಾಲೂ ಸೇರಿದ ಅಳತೆ) ಬರೆಯೋ ಕಡೆ ಕಾರ್ಪೆಟ್ ಏರಿಯಾ (ಬರೀ ಮನೆ ಒಳಗಿನ ಅಳತೆ) ಬಿದ್ದಿದೆಯಾ, ಕವರ್ಡ್ ಪಾರ್ಕಿಂಗ್ ಸೇರಿದೆಯಾ, ಕಟ್ಟಡದ ವಯಸ್ಸು ಸರಿಯಿದೆಯಾ, ನಿಮ್ಮ ಪಾಲಿಗೆ ಬರೋ ಜಾಗ ಎಷ್ಟು ಅಂತ ಹಾಕಿದ್ದಾರೆ. ಇದರಲ್ಲಿ ತಪ್ಪಿದ್ದರೆ ಬರವಣಿಗೆಯಲ್ಲಿ ಕೊಡಿ. ಅದೇ ಕಾಂಪ್ಲೆಕ್ಸ್‌ನಲ್ಲಿ ಈಚೆಗೆ ನೋಂದಣಿಯಾದ ಕ್ರಯಪತ್ರ ಸಿಕ್ಕರೆ ಅದರ ಪ್ರತಿಯನ್ನೂ ಲಗತ್ತಿಸಿ. ಸುಮ್ನೆ ಬೆಲೆ ಕಮ್ಮಿಯಾಯಿತು ಅಂತ ಕೂಗಾಡಿದರೆ ಯಾರೂ ಕೇಳಲ್ಲ.

ಲೆಕ್ಕದ_ಪುಸ್ತಕ:
ಅದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಇಟ್ಟಿದೆ. 30 ಲಕ್ಷದ ತನಕದ ಸಾಲಕ್ಕೆ ಮನೆ ಬೆಲೆಯ 90 ಪರ್ಸೆಂಟ್, 30ರಿಂದ 75 ಲಕ್ಷದ ತನಕ 80 ಪರ್ಸೆಂಟ್, ಅದಕ್ಕಿಂತ ಮೇಲೆ 75 ಪರ್ಸೆಂಟ್. ಬ್ಯಾಂಕ್ 72 ಲಕ್ಷ ಅಂದರೆ ನಿಮಗೆ ಹೆಚ್ಚೆಂದರೆ 57 ಲಕ್ಷದ 60 ಸಾವಿರ ಸಿಗುತ್ತೆ. 80 ಲಕ್ಷವನ್ನೇ ಒಪ್ಪಿದ್ದರೆ 64 ಲಕ್ಷ. ಮಧ್ಯದ 6 ಲಕ್ಷದ 40 ಸಾವಿರ ನಿಮ್ಮ ಜೇಬಿಂದ. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚನ್ನು ಮನೆ ಬೆಲೆಗೆ ಸೇರಿಸೋ ಹಾಗಿಲ್ಲ, ಅದೂ ನಿಮ್ಮದೇ. ಟೋಕನ್ ಕೊಡೋಕೆ ಮೊದಲು ಈ ಲೆಕ್ಕ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ, ಯಾರೂ ಹಾಕಲ್ಲ.

ಪಾರಿಜಾತ ಅವರದ್ದು ಮನೆ ಕೊಳ್ಳೋ ಸಾಲ ಅಲ್ಲ, ಮನೆ ಅಡ ಇಟ್ಟು ತಗೊಳ್ಳೋದು. ಅದಕ್ಕೆ ಈ ಮಿತಿ ಬರಲ್ಲ, ಬ್ಯಾಂಕಿಂದ ಬ್ಯಾಂಕಿಗೆ ಬೇರೆ. ಸಾಮಾನ್ಯವಾಗಿ ಇನ್ನೂ ಕಮ್ಮಿ ಕೊಡುತ್ತಾರೆ.

ಯಲಹಂಕ_ಫ್ಲ್ಯಾಟ್:
ಟೋಕನ್ ಕೊಟ್ಟಾಗಿದೆ ಸಾರ್. ಪಾರ್ಕಿಂಗ್ ಸೇರಿಸಿಲ್ಲ ಅಂತ ಈಗ ನೋಡಿದೆ! ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ.

ಸಹಕಾರನಗರ_ನಿವಾಸಿ:
ಬಣ್ಣದ ವಿಷಯಕ್ಕೆ ನಾನು ಮತ್ತೆ ಬಂದೆ, ಬೈಯಬೇಡಿ. ನಮ್ಮ ತಮ್ಮ ಮನೆ ಮಾರೋ ಮೊದಲು ಬಣ್ಣ ಹೊಡೆಸಿ, ಅಡುಗೆಮನೆ ಕಲ್ಲು ಬದಲಾಯಿಸಿ, ಮುಂದುಗಡೆ ಗಿಡ ಇಡಿಸಿದ. ಹೊಡೆಸೋ ಮೊದಲು ಬಂದ ಗಿರಾಕಿಗಳು ಕೇಳಿದ್ದಕ್ಕಿಂತ 5 ಲಕ್ಷ ಜಾಸ್ತಿಗೆ ಹೋಯಿತು. ಇದಕ್ಕೇನು ಹೇಳುತ್ತೀರಾ?

ಅಳತೆ_ಟೇಪು:
ಮಾರೋದಾದರೆ ಹೊಡೆಸಿ, ನಾನು ಬೇಡ ಅಂದಿಲ್ಲ. ಗಿರಾಕಿ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಇಲ್ಲಿ ಸೋಫಾ, ಅಲ್ಲಿ ದೇವರಮನೆ ಅಂತ ಕನಸು ಕಾಣುತ್ತಾನೆ. ಬೆಳಕು, ಗಾಳಿ, ವಾಸನೆ ಎಲ್ಲ ಅವನಿಗೆ ಮುಖ್ಯ. ಬ್ಯಾಂಕಿನ ಕಡೆಯವರು ಅಲ್ಲಿ ವಾಸ ಮಾಡಲ್ಲ.

ಹಳೇಪೇಟೆ_ಜಗಲಿ:
ಚಾಮರಾಜಪೇಟೆಯಲ್ಲಿ ನಮ್ಮ ತಾತನ ಕಾಲದ ಮನೆ. ಮದರಾಸ್ ತಾರಸಿ, ತೇಗದ ಕಂಬ, ಕೆಂಪು ಗಾರೆ ನೆಲ. ಮಳೆಗಾಲದಲ್ಲೂ ಒಂದು ಹನಿ ಸೋರಲ್ಲ. ಬಂದವರು ನೆಲ ನೋಡಿ ಎಷ್ಟು ಚೆನ್ನಾಗಿದೆ ಸಾರ್ ಅಂತ ಹೊಗಳಿ ಫೋಟೊ ತೆಗೆದುಕೊಂಡರು. ರಿಪೋರ್ಟ್‌ನಲ್ಲಿ ಕಟ್ಟಡಕ್ಕೆ ಬೆಲೆ ಇಲ್ಲ, ಹಳೇ ಮರಕ್ಕೆ ಒಂದಿಷ್ಟು ಅಂತ ಬರೆದಿದ್ದಾರೆ! ಈ ಪೇಟೆ ಬಡಾವಣೆ ಆದದ್ದು 1892ರಲ್ಲಿ. ಆ ಕೈಕೆಲಸಕ್ಕೆ ಈಗ ಆಳು ಸಿಗುತ್ತಾರಾ?

ಅಳತೆ_ಟೇಪು:
ನಿಮ್ಮ ನೋವು ಅರ್ಥವಾಗುತ್ತೆ ಸಾರ್. ಆದರೆ ಆ ಕೆಂಪು ನೆಲಕ್ಕೆ ಬೆಲೆ ಕಟ್ಟೋ ಕಾಲಂ ಬ್ಯಾಂಕಿನ ನಮೂನೆಯಲ್ಲಿ ಇಲ್ಲ. ಆಯಸ್ಸು ಮುಗಿದ ಕಟ್ಟಡ ಅಂತಲೇ ಲೆಕ್ಕ.

ಹಳೇಪೇಟೆ_ಜಗಲಿ:
ನಮೂನೆ ಬದಲಾಯಿಸಬೇಕು. ನಮ್ಮ ನೆಲವನ್ನಲ್ಲ.

ಸಕ್ಕರೆ_ಕಮ್ಮಿ_ಕಾಫಿ:
ಸಾರ್, ಆ ನೆಲದ ಫೋಟೊ ಇಲ್ಲಿಗೂ ಹಾಕಿ.

ಜೆಪಿನಗರ_ಅಕ್ಕತಂಗಿ:
ಬ್ಯಾಂಕ್ ಬಿಡಿ. ನಮ್ಮಲ್ಲಿ ಪಾಲು ಮಾಡಿಕೊಳ್ಳೋಕೆ ವ್ಯಾಲ್ಯುಯೇಷನ್ ಮಾಡಿಸಬೇಕು. ಅಣ್ಣ ಮನೆ ಇಟ್ಟುಕೊಂಡು ನಮ್ಮಿಬ್ಬರಿಗೆ ದುಡ್ಡು ಕೊಡುತ್ತಾನೆ ಅಂತ ಮಾತು. ಅವನೇ ಒಬ್ಬರನ್ನು ಕರೆತಂದು ಬೆಲೆ ಹಾಕಿಸಿದ್ದಾನೆ, ಕಮ್ಮಿ ಅನ್ನಿಸುತ್ತಿದೆ. ಅಣ್ಣನನ್ನು ಅನುಮಾನಿಸಿದ ಹಾಗೆ ಆಗಬಾರದು. ಹಾಗಂತ ಸುಮ್ನೆ ಇರೋಕೂ ಆಗ್ತಿಲ್ಲ.

ಕರಿ_ಕೋಟು:
ತಂಗಿ, ಇದರಲ್ಲಿ ಅನುಮಾನದ ಪ್ರಶ್ನೆಯೇ ಇಲ್ಲ. ಮೂವರೂ ಸೇರಿ ಒಬ್ಬ ನೋಂದಾಯಿತ ವ್ಯಾಲ್ಯುಯರ್‌ನ ಗೊತ್ತುಮಾಡಿ, ಫೀಸು ಮೂವರೂ ಹಂಚಿಕೊಳ್ಳಿ, ಅವರು ಬಂದಾಗ ಮೂವರೂ ಅಲ್ಲೇ ಇರಿ. ಇಲ್ಲವೇ ನಿಮ್ಮ ಕಡೆಯಿಂದಲೂ ಒಂದು ರಿಪೋರ್ಟ್ ಮಾಡಿಸಿ, ಎರಡರ ನಡುವಿನದಕ್ಕೆ ಒಪ್ಪಿಕೊಳ್ಳಿ. ಯಾವ ತಾರೀಕಿನ ಬೆಲೆ ಅಂತ ಬರೆಸಿಕೊಳ್ಳಿ. ಮಾತು ಎಳೆದು ಎರಡು ವರ್ಷ ಆಗಿ, ಹಳೇ ಬೆಲೆಗೇ ದುಡ್ಡು ಕೊಟ್ಟಾಗ ಜಗಳ ಶುರುವಾಗೋದನ್ನು ನೋಡಿದ್ದೇನೆ.

ಲೆಕ್ಕದ_ಪುಸ್ತಕ:
ಮಾರೋ ಯೋಚನೆ ಇರೋರಿಗೆ ಇನ್ನೊಂದು. ಮನೆ 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ, ಬಂಡವಾಳ ಲಾಭದ ತೆರಿಗೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ನಿಮ್ಮ ಕೊಂಡ ಬೆಲೆ ಅಂತ ತೋರಿಸಬಹುದು. ಅದಕ್ಕೆ ನೋಂದಾಯಿತ ವ್ಯಾಲ್ಯುಯರ್ ರಿಪೋರ್ಟ್ ಮಾಡಿಸಿ. ಆದರೆ ಆ ದಿನದ ಗೈಡೆನ್ಸ್ ವ್ಯಾಲ್ಯೂಗಿಂತ ಜಾಸ್ತಿ ತೋರಿಸೋ ಹಾಗಿಲ್ಲ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ಇಲ್ಲಿನ ನಿವಾಸಿಗಳು ಹಣದುಬ್ಬರದ ಲೆಕ್ಕ ಸೇರಿಸಿ 20 ಪರ್ಸೆಂಟ್, ಸೇರಿಸದೆ 12.5 ಪರ್ಸೆಂಟ್ ಎರಡೂ ಹಾಕಿ ನೋಡಿ, ಯಾವುದು ಕಮ್ಮಿಯೋ ಅದು.

ಮಹಡಿ ಕಟ್ಟಿಸಿದ್ದರೆ ಸಿಮೆಂಟು, ಕಂಬಿ, ಮೇಸ್ತ್ರಿ ಬಿಲ್ಲು ಎಲ್ಲ ಎತ್ತಿಡಿ. ಅದನ್ನೂ ಖರ್ಚಿಗೆ ತೋರಿಸಬಹುದು. ಬಣ್ಣದ ಬಿಲ್ಲು ಮಾತ್ರ ಇದಕ್ಕೆ ಬರಲ್ಲ, ಅದು ಬರೀ ನಿರ್ವಹಣೆ. ಸಹಕಾರನಗರದ ಸಾಹೇಬರು ಕ್ಷಮಿಸಬೇಕು.

ಸಹಕಾರನಗರ_ನಿವಾಸಿ:
ಎಲ್ಲರೂ ನನ್ನ ಮೇಲೇ ಬನ್ನಿ.

ಕೆಂಗೇರಿ_ಉಪನಗರ:
ಮೆಟ್ರೊ ಪಕ್ಕ ಇದ್ದರೆ ಬೆಲೆ ಏರುತ್ತೆ ಅನ್ನುತ್ತಾರೆ. ನಮ್ಮ ಕಡೆ 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂತು. ಆದರೆ ನಮ್ಮ ಮನೆ ಹತ್ತಿರ ರಾಜಕಾಲುವೆ ಇದೆ, ಅದಕ್ಕೆ ಕಮ್ಮಿ ಬರೆದರು. ಮೆಟ್ರೊ ಕೊಟ್ಟದ್ದನ್ನು ಕಾಲುವೆ ಕಿತ್ತುಕೊಂಡಿತು.

ಅಳತೆ_ಟೇಪು:
ರಾಜಕಾಲುವೆ, ಹೈಟೆನ್ಷನ್ ತಂತಿ ಇದ್ದರೆ ಬಫರ್, ಅಂದರೆ ಏನೂ ಕಟ್ಟದೆ ಬಿಡಬೇಕಾದ ಜಾಗದ ಒಳಗೆ ಬರುತ್ತಾ ಅಂತ ನೋಡಲೇಬೇಕು. ಮಳೆಗಾಲದಲ್ಲಿ ನೀರು ನಿಲ್ಲುತ್ತಾ ಅಂತಲೂ ಬೀದಿಯವರನ್ನು ಕೇಳುತ್ತೇವೆ. ಮನೆಯವರು ನಿಲ್ಲಲ್ಲ ಅನ್ನುತ್ತಾರೆ, ಕಾಂಪೌಂಡ್ ಮೇಲೆ ನೀರಿನ ಗೆರೆ ಬೇರೆ ಹೇಳುತ್ತಿರುತ್ತೆ. ರಸ್ತೆ ಅಗಲ 30 ಅಡಿಯಾ 40 ಅಡಿಯಾ ಅನ್ನೋದೂ ಮುಖ್ಯ. ಇವು ಯಾವುದೂ ನಿಮ್ಮ ಕೈಯಲ್ಲಿಲ್ಲ ಬಿಡಿ.

ಪಾರಿಜಾತ_ಬನಶಂಕರಿ:
ಎಲ್ಲ ಓದಿದೆ. ಪೇಂಟರ್‌ಗೆ ಬೇಡ ಅಂದಿದ್ದೇವೆ, ಅತ್ತೆ ಮುಖ ಊದಿಸಿಕೊಂಡಿದ್ದಾರೆ. ಪ್ಲಂಬರ್ ಬಂದು ನೋಡಿದ, ಬಿಸಿನೀರಿನ ಪೈಪ್ ಜಾಯಿಂಟ್ ಹೋಗಿದೆ ಅಂದ. ನಾದಿನಿ ಸಹಿ ಹಾಕೋಕೆ ಬರುತ್ತೇನೆ ಅಂದರು. 'ಅಮ್ಮನಿಗೆ ಏನೂ ತೊಂದರೆ ಆಗಬಾರದು, ನೋಡಿಕೊಳ್ಳಿ' ಅಂತ ಒಂದು ಮಾತು ಸೇರಿಸಿದರು. ಅದೂ ನ್ಯಾಯವೇ.

ಮಾವನವರ ಟ್ರಂಕಿನಲ್ಲಿ ಪ್ಲಾನ್ ಸಿಕ್ಕಿತು. ನೀಲಿ ಹಾಳೆ, ಮಡಿಕೆ ಹತ್ತಿರ ಹರಿಯುತ್ತಿದೆ. ಅದರ ಜೊತೆ ಬಿಡಿಎ ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಕರಾರು, ಆಮೇಲೆ ಮಾಡಿಸಿದ ಶುದ್ಧ ಕ್ರಯಪತ್ರ ಎಲ್ಲ ಇದೆ. ಅವರು ಬಂದಾಗ ಇವನ್ನೆಲ್ಲ ಕೈಗೆ ಕೊಡಬೇಕಾ?

ಕರಿ_ಕೋಟು:
ಮೂಲ ಪತ್ರ ವ್ಯಾಲ್ಯುಯರ್ ಕೈಗೆ ಕೊಟ್ಟು ಕಳಿಸಲೇಬೇಡಿ. ಜೆರಾಕ್ಸ್ ಕೊಡಿ, ಪ್ರತಿ ಹಾಳೆ ಮೇಲೂ 'ಮೌಲ್ಯಮಾಪನಕ್ಕೆ ಮಾತ್ರ' ಅಂತ ಬರೆದು ಸಹಿ ಹಾಕಿ. ಮೂಲ ಪತ್ರ ಬ್ಯಾಂಕಿಗೆ ಹೋಗೋದು ಸಾಲ ಮಂಜೂರಾದ ಮೇಲೆ, ಅದಕ್ಕೂ ಪಟ್ಟಿ ಮಾಡಿ ಸ್ವೀಕೃತಿ ತಗೊಳ್ಳಿ. ಆ ಪ್ಲಾನ್ ಹರಿಯುತ್ತಿದ್ದರೆ ಈಗಲೇ ಸ್ಕ್ಯಾನ್ ಮಾಡಿಸಿ, ಮಡಿಸದೆ ಸುರುಳಿ ಸುತ್ತಿಡಿ. ಶುದ್ಧ ಕ್ರಯಪತ್ರ ಇದೆಯಲ್ಲ, ಅರ್ಧ ಚಿಂತೆ ಹೋಯಿತು.

ಅಳತೆ_ಟೇಪು:
ಪ್ಲಾನ್, ಕ್ರಯಪತ್ರ, ಈ ವರ್ಷದ ಕಂದಾಯದ ರಸೀದಿ, ಕರೆಂಟ್ ಬಿಲ್, ಖಾತೆ ಇವುಗಳ ಜೆರಾಕ್ಸ್ ಸಾಕು. ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆದಿಟ್ಟುಕೊಳ್ಳಿ, ವಕೀಲರು ಕೇಳುತ್ತಾರೆ. ಇ-ಖಾತೆ (ಆನ್‌ಲೈನ್ ಖಾತೆ) ಆಗಿದೆಯಾ?

ಪಾರಿಜಾತ_ಬನಶಂಕರಿ:
ಕರಡು ಮಾತ್ರ ಇದೆ, ಅದರಲ್ಲಿ ಮಾವನ ಹೆಸರು ತಪ್ಪಾಗಿ ಬಂದಿದೆ.

ಆರ್‌ಆರ್‌ನಗರ_ಗೃಹಸ್ಥ:
ಬನ್ನಿ, ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು, ನಮ್ಮ ಅಜ್ಜನ ಹೆಸರಿನ ದೀರ್ಘ ಮಾತ್ರ ಇನ್ನೂ ಬಂದಿಲ್ಲ.

ಕರಿ_ಕೋಟು:
ಹೆಸರಿನ ತಿದ್ದುಪಡಿಗೆ ಈಗಲೇ ಹಾಕಿ. 2024ರ ಅಕ್ಟೋಬರ್‌ನಿಂದ ನಗರದಲ್ಲಿ ಇ-ಖಾತೆ ಇಲ್ಲದೆ ಮಾರೋದು ಕೊಳ್ಳೋದು ನೋಂದಣಿ ಆಗಲ್ಲ. ನಾದಿನಿಯ ಬಿಡುಗಡೆ ಪತ್ರ ನೋಂದಣಿ ಮಾಡಿಸೋದಾದರೆ ಇದನ್ನೂ ಕೇಳುತ್ತಾರೆ. ಬರೀ ಸಾಲಕ್ಕೆ ಸಹಿ ಹಾಕೋದಾದರೆ ಬ್ಯಾಂಕಿನವರನ್ನೇ ಕೇಳಿಕೊಳ್ಳಿ.

ಪಾರಿಜಾತ_ಬನಶಂಕರಿ:
ಸರಿ ಸಾರ್. ಇನ್ನೊಂದೇ ಒಂದು. ವ್ಯಾಲ್ಯುಯರ್ ಶುಕ್ರವಾರ ಹನ್ನೊಂದಕ್ಕೆ ಬರುತ್ತೇನೆ ಅಂತ ಫೋನ್ ಮಾಡಿದ್ದರು. ಅತ್ತೆ ಅದು ರಾಹುಕಾಲ, ಆಗಲ್ಲ ಅನ್ನುತ್ತಿದ್ದಾರೆ. ಬಣ್ಣದಲ್ಲಿ ಸೋತಿದ್ದಾರೆ, ಇದರಲ್ಲಿ ಬಿಡೋ ಹಾಗೆ ಕಾಣಲ್ಲ.

ಸಕ್ಕರೆ_ಕಮ್ಮಿ_ಕಾಫಿ:
ಹನ್ನೊಂದು ಅಂದೋರು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರೋದಾದರೆ ರಾಹುಕಾಲ ತಾನಾಗೇ ಕಳೆದಿರುತ್ತೆ ಅಕ್ಕ.

ಅಳತೆ_ಟೇಪು:
ಹನ್ನೆರಡರ ಮೇಲೆ ಬನ್ನಿ ಅಂತ ಹೇಳಿ, ಬರುತ್ತಾರೆ. ಹೊತ್ತು ಬದಲಾದದ್ದನ್ನು ಮೇಲಿನ ಮನೆಯವರಿಗೂ ತಿಳಿಸಿ. ನಾಯಿ ಇದ್ದರೆ ಕಟ್ಟಿಹಾಕಿ.